ದೀಪದ ಬುಡದ ಕತ್ತಲೆಯಲ್ಲಿ ದುಡಿದವನು

ವ್ಯಾಸ ಮಹರ್ಷಿಗಳು ಮಹಾಭಾರತವನ್ನು ಹೇಳಲು ಕುಳಿತಾಗ ಬರೆದುಕೊಳ್ಳುವುದಕ್ಕೆ ಗಣಪತಿಯೇ ಬಂದನಂತೆ. ಲೇಖನಿ ನಿಲ್ಲದಂತೆ ಹೇಳುತ್ತ ಹೋಗಬೇಕು ಎಂಬುದು ಗಣಪತಿಯ ಕರಾರು. ಅರ್ಥವನ್ನು ತಿಳಿದುಕೊಂಡೇ ಬರೆಯಬೇಕು ಎಂಬುದು ವ್ಯಾಸರ ಮರುಕರಾರು. ಹೇಳುವವನಿಗೂ ಬರೆಯುವವನಿಗೂ ನಡುವೆ ಇದಕ್ಕಿಂತ ಅಚ್ಚುಕಟ್ಟಾದ ಒಡಂಬಡಿಕೆ ಇನ್ನೆಲ್ಲಿಯೂ ಆಗಿರಲಾರದು.

ಆದರೆ ಗಣಪತಿಗೆ ದೊರೆತ ಭಾಗ್ಯ ಎಲ್ಲ ಕಾರ್ಯದರ್ಶಿಗಳಿಗೂ ದೊರೆಯುವುದಿಲ್ಲ. ಬೆಳಗ್ಗೆ ಕೊಟ್ಟ ಅಪ್ಪಣೆಯನ್ನು ಸಂಜೆಗೆ ಮರೆಯುವವರು, ಮುಖ್ಯವಾದ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟು ಕೋಟನ್ನು ಅಗಸನಿಗೆ ಹಾಕುವವರು, ಒಂದೇ ಹೊತ್ತಿಗೆ ಮೂವರನ್ನು ಮೂರು ಕಡೆ ಭೇಟಿಗೆ ಕರೆದು ತಾವು ನಾಲ್ಕನೆಯ ಕಡೆ ಇರುವವರು - ಇಂಥ ಮೇಲಧಿಕಾರಿಗಳ ಕೈಕೆಳಗೆ ದುಡಿದವರು ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರು ಮನೆಗೆ ಬಂದು ಕಾಫಿಯ ಲೋಟವನ್ನು ಹಿಡಿದು ಬಿಡುವ ನಿಟ್ಟುಸಿರಿನ ಅರ್ಥ ಮನೆಯವರಿಗೆ ಚೆನ್ನಾಗಿ ಗೊತ್ತು.

ದೀಪದ ಬುಡದಲ್ಲಿ ಕತ್ತಲೆ ಎಂದು ಗಾದೆ. ಜಗತ್ತಿಗೇ ವಿದ್ಯುದ್ದೀಪವನ್ನು ಕೊಟ್ಟ ಥಾಮಸ್ ಆಲ್ವಾ ಎಡಿಸನ್ನನ ಮಟ್ಟಿಗೆ ಈ ಗಾದೆ ಅಕ್ಷರಶಃ ನಿಜವಾಗಿದ್ದಿತು. ಆತನ ಪ್ರಯೋಗಶಾಲೆಯಲ್ಲಿ ಬೆಳಕು. ಆತನ ಮೇಜಿನ ಮೇಲೆ ಮಾತ್ರ ಗಾಢಾಂಧಕಾರ. ಆ ಕತ್ತಲೆಯಲ್ಲಿ ಕುಳಿತು ಹನ್ನೊಂದು ವರ್ಷಗಳ ಕಾಲ ಎಡಿಸನ್ನನ ವ್ಯವಹಾರಗಳನ್ನು ನೋಡಿಕೊಂಡ ಸ್ಯಾಮ್ಯುಯೆಲ್ ಇನ್ಸಲ್ ಎಂಬ ತರುಣನ ಕಥೆ, ಅವ್ಯವಸ್ಥಿತ ಯಜಮಾನನೊಡನೆ ಬಾಳುವ ವಿದ್ಯೆಗೆ ಒಂದು ಪಾಠವಾಗಬಲ್ಲುದು.

ಎರಡು ಕೊಕ್ಕೆಗಳ ಲೆಕ್ಕ

1847ರಲ್ಲಿ ಹುಟ್ಟಿದ ಎಡಿಸನ್ನನಿಗೆ ಶಾಲೆಯ ಓದು ಹೆಚ್ಚು ನಡೆಯಲಿಲ್ಲ. ರೈಲಿನಲ್ಲಿ ಪತ್ರಿಕೆ ಮಾರಿ, ತಂತಿ ಕಚೇರಿಗಳಲ್ಲಿ ದುಡಿದು, ಇನ್ನೂ ಇಪ್ಪತ್ತೈದು ತುಂಬುವ ಮೊದಲೇ ಅಮೆರಿಕದ ನೆವಾರ್ಕ್ ನಗರದಲ್ಲಿ ತಂತಿ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಒಡೆಯನಾದ. ಆ ಕಾರ್ಖಾನೆಯ ಲೆಕ್ಕವನ್ನು ಹೇಗೆ ಇಡುತ್ತಿದ್ದನೆಂಬುದನ್ನು ಆತನೇ ಮುಂದೆ ನಗುನಗುತ್ತ ಹೇಳಿಕೊಂಡಿದ್ದಾನೆ. ಲೆಕ್ಕದ ಪುಸ್ತಕವೆಂಬುದೇ ಇರಲಿಲ್ಲ. ನಮ್ಮ ದಿನಸಿ ಅಂಗಡಿಗಳಲ್ಲಿ ಚೀಟಿ ಚುಚ್ಚಿಡುವಂತೆ ಎರಡು ಕೊಕ್ಕೆಗಳಿದ್ದವು. ತಾನು ಕೊಡಬೇಕಾದ ಹಣದ ಬಿಲ್ಲುಗಳೆಲ್ಲ ಒಂದು ಕೊಕ್ಕೆಗೆ. ತನಗೆ ಬರಬೇಕಾದ ಹಣದ ಚೀಟಿಗಳೆಲ್ಲ ಇನ್ನೊಂದಕ್ಕೆ. ಸಾಲದ ವಾಯಿದೆ ಬಂದಾಗ ಕೈಯಲ್ಲಿ ಹಣವಿಲ್ಲದಿದ್ದರೆ ಒಂದು ಪ್ರಾಮಿಸರಿ ನೋಟು ಬರೆದುಕೊಡುವುದು. ಆ ನೋಟಿನ ವಾಯಿದೆಯೂ ತೀರಿ, ಒಂದೂಕಾಲು ಡಾಲರಿನ ಖರ್ಚು ಹಾಕಿ, ಹಣ ಸಂದಿಲ್ಲವೆಂಬ ಆಕ್ಷೇಪಣ ಪತ್ರವನ್ನು ಹಿಡಿದು ಬ್ಯಾಂಕಿನ ಜವಾನ ಬಾಗಿಲಿಗೆ ಬಂದಾಗ ನ್ಯೂಯಾರ್ಕಿಗೆ ಓಡಿ ಹಣ ಹೊಂದಿಸುವುದು. ಎರಡು ವರ್ಷಕ್ಕೂ ಮೇಲ್ಪಟ್ಟು ಹೀಗೆಯೇ ನಡೆಯಿತಂತೆ.

ಕೊನೆಗೆ ಒಬ್ಬ ಲೆಕ್ಕಿಗನನ್ನು ನೇಮಿಸಿದ. ಮೂರು ತಿಂಗಳ ತರುವಾಯ ಲೆಕ್ಕಿಗ, ಮೂರು ಸಾವಿರ ಡಾಲರ್ ಲಾಭ ಬಂದಿದೆಯೆಂದ. ಎಡಿಸನ್ ಹಿಗ್ಗಿ ಕೆಲಸಗಾರರಿಗೆ ಔತಣವನ್ನಿತ್ತ. ಎರಡು ದಿನಗಳಲ್ಲಿಯೇ ಲೆಕ್ಕ ತಪ್ಪಿತ್ತು, ಬಂದದ್ದು ಐನೂರು ಡಾಲರ್ ನಷ್ಟ ಎಂಬ ವರದಿ. ಮತ್ತೆ ಕೆಲವು ದಿನ ಕಳೆದು, ಅದೂ ತಪ್ಪು, ನಿಜವಾಗಿ ಏಳು ಸಾವಿರ ಲಾಭ ಎಂಬ ಮೂರನೆಯ ವರದಿ! ಅಂದಿನಿಂದ ಎಡಿಸನ್ನನಿಗೆ ಲೆಕ್ಕದ ಪುಸ್ತಕಗಳ ಮೇಲಿನ ನಂಬಿಕೆ ಇನ್ನಷ್ಟು ಕಡಿಮೆಯಾಯಿತೆಂದರೆ ಆಶ್ಚರ್ಯವೇನು?

ತನ್ನ ಸ್ವಭಾವವನ್ನು ಆತನೂ ಅರಿಯದವನಲ್ಲ. ದೂರವಾಣಿಯ ಧ್ವನಿಯನ್ನು ಸ್ಪಷ್ಟಗೊಳಿಸುವ ಉಪಕರಣವೊಂದನ್ನು ಕಂಡುಹಿಡಿದಾಗ ವೆಸ್ಟರ್ನ್ ಯೂನಿಯನ್ ತಂತಿ ಕಂಪನಿ ಒಂದು ಲಕ್ಷ ಡಾಲರ್ ಕೊಡಲು ಮುಂದೆ ಬಂದಿತು. ಎಡಿಸನ್ ಅದನ್ನು ಒಟ್ಟಿಗೆ ತೆಗೆದುಕೊಳ್ಳಲಿಲ್ಲ. ವರ್ಷಕ್ಕೆ 6,000 ಡಾಲರಿನಂತೆ ಹದಿನೇಳು ವರ್ಷ ಕೊಡಿರೆಂದು ಕೇಳಿದ. ಒಟ್ಟಿಗೆ ಬಂದರೆ ಪ್ರಯೋಗಗಳಿಗೆ ಸುರಿದು ಮುಗಿಸಿಬಿಡುತ್ತೇನೆಂಬ ಭಯ. ನೂರಕ್ಕೆ ಆರರಂತೆ ಬಡ್ಡಿಗೆ ಹಾಕಿದ್ದರೂ ವರ್ಷಕ್ಕೆ ಅಷ್ಟೇ ಹಣ ಬಂದು, ಅಸಲು ಹಾಗೆಯೇ ಉಳಿಯುತ್ತಿತ್ತು! ನಮ್ಮ ಮನೆಯ ಗೃಹಿಣಿಯರಲ್ಲಿ ಯಾರಾದರೂ ಪಕ್ಕದಲ್ಲಿದ್ದರೆ ಈ ಲೆಕ್ಕವನ್ನು ಬೆರಳಿನಲ್ಲಿಯೇ ಎಣಿಸಿ ಹೇಳುತ್ತಿದ್ದರು.

ಲಂಡನ್ನಿನ ಹುಡುಗ

ಇಂಥವನ ಬಳಿಗೆ ಬಂದ ಇನ್ಸಲ್ ಲಂಡನ್ನಿನಲ್ಲಿ 1859ರಲ್ಲಿ ಹುಟ್ಟಿದವನು. ಬಡತನದ ಸಂಸಾರ. ಹದಿನಾಲ್ಕನೆಯ ವಯಸ್ಸಿಗೆ ಓದನ್ನು ಬಿಟ್ಟು ಹರಾಜು ಮಾಡುವವರ ಕಚೇರಿಯಲ್ಲಿ ಆಳು ಹುಡುಗನಾಗಿ ಸೇರಿದ. ಅಲ್ಲಿಗೆ ಸುಮ್ಮನಾಗದೆ ಪಿಟ್‌ಮನ್ ಶೀಘ್ರಲಿಪಿಯನ್ನು ಕಲಿತ; ಬಿಡುವಿನ ವೇಳೆಯಲ್ಲಿ ಪತ್ರಿಕಾ ಸಂಪಾದಕರೊಬ್ಬರಿಗೆ ಬರೆದುಕೊಟ್ಟು ನಾಲ್ಕು ಕಾಸು ಸಂಪಾದಿಸಿದ. 1879ರಲ್ಲಿ ಹರಾಜು ಕಚೇರಿಯ ಕೆಲಸ ಹೋಯಿತು. ಪತ್ರಿಕೆಯಲ್ಲಿ ಕಂಡ ಜಾಹೀರಾತಿಗೆ ಅರ್ಜಿ ಹಾಕಿ ಅಮೆರಿಕದ ಗೃಹಸ್ಥರೊಬ್ಬರ ಕಾರ್ಯದರ್ಶಿಯಾದ. ಕರ್ನಲ್ ಗೌರಾಡ್ ಎಂಬ ಆ ಗೃಹಸ್ಥರು ಎಡಿಸನ್ನನ ಲಂಡನ್ ಪ್ರತಿನಿಧಿಗಳೆಂಬುದು ಅನಂತರ ತಿಳಿಯಿತು!

ಅಲ್ಲಿ ಎರಡು ವರ್ಷ ದುಡಿಯುವಷ್ಟರಲ್ಲಿ, ಯೂರೋಪಿನಲ್ಲಿ ಎಡಿಸನ್ನನಿಗಿದ್ದ ದೂರವಾಣಿ ಕಂಪನಿಗಳ ಪಾಲು, ಹಕ್ಕು, ಒಪ್ಪಂದಗಳೆಲ್ಲ ಇನ್ಸಲ್ಲನಿಗೆ ಬಾಯಿಪಾಠವಾಗಿದ್ದವು. ಎಡಿಸನ್ನನ ಮುಖ್ಯ ಸಹಾಯಕರಲ್ಲೊಬ್ಬನಾದ ಎಡ್ವರ್ಡ್ ಜಾನ್ಸನ್ ಈ ಹುಡುಗನ ಚುರುಕನ್ನು ಲಂಡನ್ನಿನಲ್ಲಿ ಕಂಡಿದ್ದ. 1881ರ ಜನವರಿಯಲ್ಲಿ ಆತನಿಂದ ತಂತಿ ಬಂದಿತು: ಹೊರಟು ಬಾ. ಇಪ್ಪತ್ತೊಂದು ವರ್ಷದ ಇನ್ಸಲ್ ಹಡಗು ಹತ್ತಿದ.

ಮೊದಲನೆಯ ರಾತ್ರಿ

1881ರ ಫೆಬ್ರವರಿ ಮಾರ್ಚ್ ತಿಂಗಳುಗಳ ಸಂಧಿಯ ಒಂದು ಸಂಜೆ. ಜಾನ್ಸನ್ ಬಂದರಿನಿಂದ ನೇರವಾಗಿ ನ್ಯೂಯಾರ್ಕಿನ ಐದನೆಯ ಅವೆನ್ಯೂವಿನ 65ನೆಯ ಸಂಖ್ಯೆಯ ಮನೆಗೆ ತರುಣನನ್ನು ಕರೆದೊಯ್ದ. ಮನಸ್ಸಿನಲ್ಲಿ ಎಡಿಸನ್ನನ ಭವ್ಯ ಚಿತ್ರವನ್ನು ಬರೆದುಕೊಂಡಿದ್ದ ಇನ್ಸಲ್ಲನಿಗೆ ಕಂಡದ್ದು ಮಾಸಿದ ಕರಿಯ ಕೋಟು, ಹೇಗೋ ಗಂಟು ಹಾಕಿದ ಬಿಳಿಯ ರೇಷ್ಮೆಯ ಕರವಸ್ತ್ರ, ಹಣೆಯ ಮೇಲೆ ಇಳಿಬಿದ್ದ ಕೆದರು ಕೂದಲು. ಆದರೆ ಕಣ್ಣುಗಳ ತೇಜಸ್ಸು ಮಾತ್ರ ಮರೆಯಲಾಗದ್ದು. ಕೊಳಕು ಎನ್ನಲಾಗದು, ಅಲಕ್ಷ್ಯ ಎನ್ನಬೇಕು ಎಂದು ಇನ್ಸಲ್ ಬಹುಕಾಲದ ಮೇಲೆ ಆ ವೇಷವನ್ನು ನೆನೆದುಕೊಂಡಿದ್ದಾನೆ. ಎಡಿಸನ್ನನಿಗೂ ಸ್ವಲ್ಪ ನಿರಾಸೆಯೇ ಆಗಿರಬೇಕು. ಬಂದವನು ಮೀಸೆ ಬಲಿಯದ ಹುಡುಗ.

ಕುಶಲಪ್ರಶ್ನೆಗೆ ಹೊತ್ತಿರಲಿಲ್ಲ. ವಿದ್ಯುದ್ದೀಪದ ಕಂಪನಿಯ ಬಂಡವಾಳಗಾರರು, ಡೈನಮೋ, ಭೂಗತ ಕೊಳವೆ, ಬಲ್ಬುಗಳನ್ನು ತಯಾರಿಸುವ ಕಾರ್ಖಾನೆಗಳಿಗೆ ಹಣ ಹಾಕಲು ಹಿಂಜರಿದಿದ್ದರು. ಎಡಿಸನ್ ತಾನೇ ಹಾಕುವೆನೆಂದು ಹೊರಟಿದ್ದ. ಆತ ಚೆಕ್ಕು ಪುಸ್ತಕವನ್ನು ತೆರೆದು ತೋರಿಸಿದ: ಇದ್ದುದು ಸುಮಾರು 78,000 ಡಾಲರ್. ಉಳಿದದ್ದನ್ನು ಯೂರೋಪಿನ ಪಾಲುಗಳನ್ನು ಮಾರಿ ಹೊಂದಿಸಬೇಕು. ಯಾವುದನ್ನು ಮಾರಬಹುದು, ಎಷ್ಟು ಬಂದೀತು? ಮಾರುಕಟ್ಟೆಗೆ ಹೋಗಬೇಕಾದ ಜಾನ್ಸನ್ ಬೆಳಗಾಗುತ್ತಲೇ ಯೂರೋಪಿಗೆ ಹಡಗು ಹತ್ತುವವನಿದ್ದ. ಆಗತಾನೆ ಸಮುದ್ರಯಾನದಿಂದ ಇಳಿದಿದ್ದ ಹುಡುಗ ಒಂದೊಂದು ಕಂಪನಿಯ ಸ್ಥಿತಿಗತಿಯನ್ನೂ ಬಾಯಲ್ಲೇ ಒಪ್ಪಿಸುತ್ತ ಹೋದ. ಮಾತು ಮುಗಿದಾಗ ಬೆಳಗಿನ ಜಾವ ನಾಲ್ಕೋ ಐದೋ ಗಂಟೆ.

ಆ ರಾತ್ರಿ ಇನ್ಸಲ್ಲನಿಗೆ ಸ್ಥಾನವನ್ನು ಗಳಿಸಿಕೊಟ್ಟದ್ದು ಶೀಘ್ರಲಿಪಿಯಲ್ಲ, ಅಚ್ಚುಕಟ್ಟಾದ ಉಡುಪೂ ಅಲ್ಲ. ಯಜಮಾನನಿಗೆ ಸೇರಿದ ವಿಷಯವನ್ನು ಯಜಮಾನನಿಗಿಂತ ಚೆನ್ನಾಗಿ ತಿಳಿದುಕೊಂಡು ಬಂದಿದ್ದುದೇ ಅದಕ್ಕೆ ಕಾರಣ.

ಗಡಿಯಾರವಿಲ್ಲದ ಕಚೇರಿ

ಹೊಸದಾಗಿ ಬಂದ ಕಾರ್ಯದರ್ಶಿಗಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ಯಜಮಾನನನ್ನು ತಿದ್ದಲು ಹೊರಡುವುದು. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಾರೆ. ಬಣ್ಣಬಣ್ಣದ ಕಡತಗಳನ್ನು ತರಿಸುತ್ತಾರೆ. ಒಂದು ವಾರದಲ್ಲಿ ವೇಳಾಪಟ್ಟಿಯ ಹಿಂಬದಿಯ ಮೇಲೆ ಯಜಮಾನ ಯಾವುದೋ ಗುಣಾಕಾರ ಮಾಡಿರುತ್ತಾನೆ.

ಇನ್ಸಲ್ ಆ ಗೋಜಿಗೇ ಹೋಗಲಿಲ್ಲ. ಎಡಿಸನ್ನನ ವ್ಯವಹಾರ ಜೀವನವನ್ನು ಕ್ರಮಕ್ಕೆ ತರಲು ತಾನು ಎಂದೂ ಪ್ರಯತ್ನಿಸಲಿಲ್ಲವೆಂದು ಆತನೇ ಹೇಳಿದ್ದಾನೆ. ಹಗಲು ಇರುಳು, ವಾರ ತಿಥಿಗಳ ಪರಿವೆ ಎಡಿಸನ್ನನಿಗಿರಲಿಲ್ಲ. ನಡುರಾತ್ರಿಯಲ್ಲಿ ದುಡಿಯುತ್ತಿರುವನು, ನಡುಹಗಲಿನಲ್ಲಿ ನಿದ್ರಿಸುತ್ತಿರುವನು. ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರವನ್ನು ಕಟ್ಟುತ್ತಿದ್ದಾಗ ಕೊಳವೆಗಳ ರಾಶಿಯ ಮೇಲೆಯೇ ಮಲಗಿ ರಾತ್ರಿಗಳನ್ನು ಕಳೆದವನು. ಕೆಲವೊಮ್ಮೆ ದಿನಗಟ್ಟಲೆ ಅಂಚೆಯತ್ತ ತಿರುಗಿಯೂ ನೋಡನು. ಮತ್ತೊಮ್ಮೆ ಪ್ರತಿದಿನ ಬೆಳಗ್ಗೆ ತಪ್ಪದೆ ಕಚೇರಿಗೆ ಬರುವನು.

ಇನ್ಸಲ್ ಮಾಡಿದ ಉಪಾಯ ಸರಳವಾದುದು. ಯಜಮಾನನ ಸುತ್ತ ಇರುವ ಕಚೇರಿಯನ್ನು ಕಟ್ಟುನಿಟ್ಟಾದ ಕ್ರಮಕ್ಕೆ ತಂದ. ಯಜಮಾನನನ್ನು ಮಾತ್ರ ಅವನ ಪಾಡಿಗೆ ಬಿಟ್ಟ. ಹಗಲೆಲ್ಲ ಬ್ಯಾಂಕು, ವಕೀಲರು, ಸರಕು ಒದಗಿಸುವವರು, ರಾತ್ರಿ ಎಡಿಸನ್. ಪ್ರಯೋಗಶಾಲೆಯಲ್ಲಿ ನಡುರಾತ್ರಿಯ ಊಟಕ್ಕೆ ಎಲ್ಲರೂ ಕೈಬಿಡುವ ಹೊತ್ತನ್ನು ಕಾದು, ಆ ಕೆಲವು ನಿಮಿಷಗಳಲ್ಲಿ ಕಾಗದಗಳನ್ನು ತೋರಿಸಿ ಅಪ್ಪಣೆ ಪಡೆಯುತ್ತಿದ್ದ. ನದಿಯನ್ನು ತಿರುಗಿಸಲು ಹೋಗದೆ ಅದು ಹರಿಯುವ ಕಡೆಯಲ್ಲಿಯೇ ಬಿಂದಿಗೆ ಇಟ್ಟ ಜಾಣತನವಿದು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಎಡಿಸನ್ ಎಲ್ಲದರಲ್ಲಿಯೂ ಅವ್ಯವಸ್ಥಿತನಾಗಿರಲಿಲ್ಲ. ಹಣದ ಲೆಕ್ಕವಿಡದ ಆತನ ಪ್ರಯೋಗಶಾಲೆಯಲ್ಲಿ ಪ್ರಯೋಗಗಳ ವಿವರಗಳಿಂದ ತುಂಬಿದ ಟಿಪ್ಪಣಿ ಪುಸ್ತಕಗಳು ಸಾವಿರಗಟ್ಟಲೆ ಇದ್ದವು. ಅಡ್ಡಾದಿಡ್ಡಿಯಾಗಿ ಕಾಣುವ ಮನುಷ್ಯನಲ್ಲಿಯೂ ಎಲ್ಲೋ ಒಂದು ಮೂಲೆಯಲ್ಲಿ ಬಿಗಿಯಾದ ಶಿಸ್ತು ಇರುತ್ತದೆ. ಅದು ಎಲ್ಲಿದೆಯೆಂದು ಕಂಡುಕೊಂಡವನಿಗೆ ಯಜಮಾನನ ಮೇಲೆ ಸಿಟ್ಟು ಬರುವುದು ಕಡಿಮೆಯಾಗುತ್ತದೆ. ತಾನು ತುಂಬಬೇಕಾದ ಜಾಗ ಯಾವುದೆಂಬುದೂ ತಿಳಿಯುತ್ತದೆ.

‘ಹೌದು’, ‘ಇಲ್ಲ’

ದಿನದಿನವೂ ರಾಶಿ ಬೀಳುತ್ತಿದ್ದ ಅಂಚೆಯನ್ನು ಒಡೆಯುವವನು ಇನ್ಸಲ್. ಎಡಿಸನ್ ಉಕ್ತಲೇಖನ ಹೇಳಿದ್ದು ಅಪರೂಪ. ಇನ್ಸಲ್ಲನಿಗೆ ತಿಳಿಯದ ತಾಂತ್ರಿಕ ವಿಷಯವಿದ್ದರೆ ಮಾತ್ರ. ಉಳಿದ ಕಾಗದಗಳ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಒಂದೆರಡು ಮಾತು ಗೀಚಿಬಿಡುತ್ತಿದ್ದ. ಬಹಳ ಸಲ ಅಂಚಿನಲ್ಲಿ ಇರುತ್ತಿದ್ದುದು ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಪದ. ಅದನ್ನು ಹಿಡಿದು ಕಾರಣ, ಸೌಜನ್ಯ, ಷರತ್ತು, ವಂದನೆಗಳೊಡನೆ ಪೂರ್ಣವಾದ ಪತ್ರವನ್ನು ಬರೆಯುವುದು ಕಾರ್ಯದರ್ಶಿಯ ಹೊಣೆ.

ಒಂದು ಪದದಿಂದ ಒಂದು ಪುಟವನ್ನು ಬೆಳೆಸುವುದು ಸುಲಭದ ಮಾತಲ್ಲ. ಹೆಚ್ಚು ಹೇಳಿದರೆ ಯಜಮಾನ ಕೊಡದ ಮಾತನ್ನು ಕೊಟ್ಟಂತಾಗುತ್ತದೆ. ಕಡಿಮೆ ಹೇಳಿದರೆ ಎದುರಿನವನ ಮನಸ್ಸು ನೋಯುತ್ತದೆ. ಆದುದರಿಂದಲೇ ಸಹಿಯ ವಿಷಯದಲ್ಲಿ ಇನ್ಸಲ್ ಎಚ್ಚರದಿಂದಿದ್ದ. ಕೆಲವು ಪತ್ರಗಳಿಗೆ ಎಡಿಸನ್ನನ ಹೆಸರನ್ನು ಬರೆದು ತನ್ನ ಹೆಸರಿನ ಮೊದಲಕ್ಷರವನ್ನು ಸೇರಿಸುವನು. ಕೆಲವಕ್ಕೆ ತನ್ನದೇ ಹೆಸರು. ಅಪರಿಚಿತರಿಗೆ ತನ್ನ ಹೆಸರಿನಲ್ಲಿ ಬರೆದರೆ ಕೆಳಗೆ ‘ಆಪ್ತ ಕಾರ್ಯದರ್ಶಿ’ ಎಂದು ತಪ್ಪದೆ ಕಾಣಿಸುವನು. ಯಾರ ಮಾತು ಎಲ್ಲಿಗೆ ಮುಗಿಯಿತು, ಯಾರದು ಎಲ್ಲಿಂದ ಮೊದಲಾಯಿತು ಎಂಬುದಕ್ಕೆ ಕಾಗದದ ಮೇಲೆ ಗುರುತು ಉಳಿಯಬೇಕು.

ಇನ್ನು ಹಣ. ಎಡಿಸನ್ನನ ಮುಖ್ತಿಯಾರ್ ಪತ್ರವೇ ಇನ್ಸಲ್ಲನ ಬಳಿ ಇದ್ದಿತು. ಚೆಕ್ಕುಗಳಿಗೆ ಅವನೇ ಸಹಿ ಹಾಕುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಆಡಿಕೊಳ್ಳುವುದು ಇಂಥ ಸ್ಥಾನದಲ್ಲಿರುವವರನ್ನೇ. ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿನಲ್ಲಿ, ಲೆಕ್ಕ ಕೇಳದ ಧಣಿಯ ಚೆಕ್ಕು ಪುಸ್ತಕ ಕೈಗೆ ಬಂದರೆ ಎಷ್ಟು ಜನರ ತಲೆ ನಿಂತೀತು? ಅವ್ಯವಸ್ಥಿತ ಯಜಮಾನ ತನ್ನ ಸಹಾಯಕನಿಗೆ ಒಡ್ಡುವ ದೊಡ್ಡ ಪರೀಕ್ಷೆ ದುಡಿಮೆಯದಲ್ಲ, ನಂಬಿಕೆಯದು.

ಕಷ್ಟದ ರಾತ್ರಿ

1882ರ ಸೆಪ್ಟೆಂಬರ್ 4ರಂದು ಪರ್ಲ್ ಬೀದಿಯ ಕೇಂದ್ರದಿಂದ ನ್ಯೂಯಾರ್ಕಿನ ಒಂದು ಭಾಗಕ್ಕೆ ದೀಪ ಹತ್ತಿತು. ಲೋಕ ಚಪ್ಪಾಳೆ ತಟ್ಟಿತು. ಆದರೆ ಚಪ್ಪಾಳೆಯಿಂದ ಶನಿವಾರದ ಬಟವಾಡೆ ನಡೆಯುವುದಿಲ್ಲ. ಕಾರ್ಖಾನೆಗಳು ಬೆಳೆಯುತ್ತಿದ್ದವು, ಸಾಲ ಅವಕ್ಕಿಂತ ವೇಗವಾಗಿ ಬೆಳೆಯುತ್ತಿತ್ತು. ಅಂಥ ಮುಗ್ಗಟ್ಟಿನ ಒಂದು ರಾತ್ರಿ ಎಡಿಸನ್ ತನ್ನ ಕಾರ್ಯದರ್ಶಿಯ ಕಡೆ ತಿರುಗಿ, ಎಲ್ಲವೂ ಮುಳುಗಿದರೆ ತಾನು ಮತ್ತೆ ತಂತಿ ಗುಮಾಸ್ತನಾಗಿ ಹೊಟ್ಟೆ ಹೊರೆದುಕೊಳ್ಳಬಲ್ಲೆ, ನೀನು ಶೀಘ್ರಲಿಪಿಕಾರನಾಗಿ ಬದುಕಬಲ್ಲೆಯಾ ಎಂದು ಕೇಳಿದನಂತೆ.

ಮಾತಿನಲ್ಲಿ ವಿನೋದವಿದೆ, ನಿಜ. ಆದರೆ ಅದರ ಅಡಿಯಲ್ಲಿರುವ ಅಂತಃಕರಣವನ್ನು ನೋಡಿರಿ. ತಾನು ಮುಳುಗುವ ಹೊತ್ತಿನಲ್ಲಿಯೂ ಜೊತೆಯವನ ಅನ್ನದ ಯೋಚನೆ ಆ ಮನುಷ್ಯನಿಗೆ ಬಂದಿತು. ಕಾಗದ ಕಳೆಯುವ, ಹೊತ್ತು ಮರೆಯುವ ಯಜಮಾನನನ್ನು ಸಹಿಸಿಕೊಳ್ಳಬಹುದು; ಮನುಷ್ಯರನ್ನು ಮರೆಯುವವನನ್ನು ಸಹಿಸುವುದು ಕಷ್ಟ. ಯಾರ ಬಳಿ ದುಡಿಯಬೇಕು, ಯಾರನ್ನು ಬಿಟ್ಟು ಬರಬೇಕು ಎಂದು ಯೋಚಿಸುವವರಿಗೆ ಇದಕ್ಕಿಂತ ಬೇರೆ ಒರೆಗಲ್ಲು ಬೇಕಿಲ್ಲ.

ಸೆನೆಕ್ಟಡಿಯಿಂದ ಶಿವನಸಮುದ್ರಕ್ಕೆ

ನಡುರಾತ್ರಿಯ ಆ ಭೇಟಿಗಳಿಂದ ಇನ್ಸಲ್ಲನಿಗೆ ಇನ್ನೊಂದು ಲಾಭವಿದ್ದಿತು. ಕಾಗದಗಳ ಕೆಲಸ ಮುಗಿದ ಮೇಲೆ ಅಲ್ಲಿಯೇ ನಿಂತು ಎಡಿಸನ್ ದುಡಿಯುವುದನ್ನು ನೋಡುತ್ತಿದ್ದ. ವಿದ್ಯುತ್ತಿನ ಉದ್ಯಮದ ಬಗೆಗೆ ತಾನು ತಿಳಿದುದೆಲ್ಲ ಆ ಗುರುವಿನಿಂದ ಬಂದದ್ದೆಂದು ಮುಂದೆ ಕೃತಜ್ಞತೆಯಿಂದ ಹೇಳಿಕೊಂಡಿದ್ದಾನೆ. ಸಂಬಳದ ಪುಸ್ತಕದಲ್ಲಿ ಕಾಣದ ಸಂಬಳವಿದು.

ಅದರ ಫಲ ಬೇಗನೆ ದೊರೆಯಿತು. 1886ರಲ್ಲಿ ಎಡಿಸನ್ನನ ಯಂತ್ರ ಕಾರ್ಖಾನೆ ನ್ಯೂಯಾರ್ಕಿನಿಂದ ಸೆನೆಕ್ಟಡಿ ಎಂಬ ಊರಿಗೆ ಹೋದಾಗ ಅದರ ಆಡಳಿತ ಇನ್ಸಲ್ಲನ ಪಾಲಿಗೆ ಬಂದಿತು. ಸುಮಾರು ಇನ್ನೂರು ಜನರ ಕಾರ್ಖಾನೆ ಆತನ ಕಾಲದಲ್ಲಿ ಆರು ಸಾವಿರ ಜನರದಾಗಿ ಬೆಳೆಯಿತು. 1892ರಲ್ಲಿ ಎಡಿಸನ್ನನ ಕಂಪನಿ ತನ್ನ ಪ್ರತಿಸ್ಪರ್ಧಿಯೊಡನೆ ಬೆರೆತು ಜನರಲ್ ಎಲೆಕ್ಟ್ರಿಕ್ ಎಂಬ ಹೆಸರನ್ನು ತಳೆಯಿತು. ನಮ್ಮ ಕಾವೇರಿಯ ನೀರಿನಿಂದ ಶಿವನಸಮುದ್ರದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ 1902ರ ಜೂನ್ 30ರಂದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿದಾಗ ವಿದ್ಯುದ್ಯಂತ್ರಗಳನ್ನು ಒದಗಿಸಿದುದು ಈ ಜನರಲ್ ಎಲೆಕ್ಟ್ರಿಕ್ ಕಂಪನಿಯೇ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ಬೆಳಗಿದ ದೀಪಗಳಿಗೂ ಅದೇ ಶಿವನಸಮುದ್ರದ ವಿದ್ಯುತ್ತು. ಯಾವುದೋ ದೇಶದ ಗುಮಾಸ್ತನೊಬ್ಬ ನಡುರಾತ್ರಿಯಲ್ಲಿ ಸರಿಪಡಿಸಿಟ್ಟ ಕಾಗದಗಳಿಗೂ ನಮ್ಮ ಬೀದಿಯ ಬೆಳಕಿಗೂ ಹೀಗೊಂದು ದೂರದ ನಂಟು!

ಕಾರ್ಯದರ್ಶಿಯೇ ಯಜಮಾನನಾದಾಗ

ಹೊಸ ಕಂಪನಿಯಲ್ಲಿ ಇನ್ಸಲ್ಲನಿಗೆ ಉನ್ನತ ಸ್ಥಾನ ಕಾದಿದ್ದರೂ ಆತ ಅದನ್ನು ಬಿಟ್ಟ. ವರ್ಷಕ್ಕೆ 36,000 ಡಾಲರಿನ ಸಂಬಳವನ್ನು ತೊರೆದು 12,000 ಡಾಲರಿಗೆ ಶಿಕಾಗೋ ನಗರದ ಒಂದು ಚಿಕ್ಕ ವಿದ್ಯುತ್ ಕಂಪನಿಯ ಅಧ್ಯಕ್ಷನಾದ. ಮುಂದಿನ ನಲವತ್ತು ವರ್ಷಗಳಲ್ಲಿ ಅಮೆರಿಕದ ಅನೇಕ ಸಂಸ್ಥಾನಗಳಿಗೆ ಬೆಳಕನ್ನೊದಗಿಸುವ ಉದ್ಯಮ ಸಾಮ್ರಾಜ್ಯವನ್ನೇ ಕಟ್ಟಿದ.

ಕಥೆ ಇಲ್ಲಿಗೆ ನಿಂತಿದ್ದರೆ ಎಷ್ಟು ಸೊಗಸಾಗಿತ್ತು! ಆದರೆ ಆ ಸಾಮ್ರಾಜ್ಯದಲ್ಲಿ ಕಂಪನಿಯ ಮೇಲೆ ಕಂಪನಿ, ಅದರ ಮೇಲೆ ಮತ್ತೊಂದು ಕಂಪನಿ ಎಂದು ಮಾಳಿಗೆಗಳೆದ್ದು, ಒಳಗಿನ ಲೆಕ್ಕ ಹೊರಗಿನವರಿಗೆ ಬಗೆಹರಿಯದಷ್ಟು ಜಟಿಲವಾಯಿತು. 1929ರ ಮಹಾ ಮುಗ್ಗಟ್ಟಿನ ಹೊಡೆತಕ್ಕೆ ನಡುಗಿ 1932ರಲ್ಲಿ ಅದು ಕುಸಿಯಿತು. ಲಕ್ಷಾಂತರ ಸಾಮಾನ್ಯ ಸಂಸಾರಗಳ ಉಳಿತಾಯ ಅದರೊಡನೆ ಹೋಯಿತು. ದೇಶ ಬಿಟ್ಟು ಹೋಗಿದ್ದ ಇನ್ಸಲ್ಲನನ್ನು ಹಿಡಿದು ತಂದು ವಿಚಾರಣೆಗೆ ಗುರಿಪಡಿಸಿದರು. 1934 ಮತ್ತು 1935ರ ವಿಚಾರಣೆಗಳಲ್ಲಿ ಆತ ನಿರ್ದೋಷಿಯೆಂದು ತೀರ್ಮಾನವಾಯಿತಾದರೂ ಹೋದ ಹಣ ಬರಲಿಲ್ಲ, ಹೋದ ಹೆಸರೂ ಬರಲಿಲ್ಲ. 1938ರ ಜುಲೈ 16ರಂದು ಪ್ಯಾರಿಸ್ಸಿನ ಭೂಗತ ರೈಲಿನ ನಿಲ್ದಾಣದಲ್ಲಿ ಹೃದಯಾಘಾತದಿಂದ ತೀರಿಕೊಂಡ.

ಎರಡು ಕೊಕ್ಕೆಗಳ ಲೆಕ್ಕದ ಎಡಿಸನ್ನನಿಗೆ, ಇದ್ದುದೆಷ್ಟು ಇಲ್ಲದ್ದೆಷ್ಟು ಎಂದು ನಡುರಾತ್ರಿಯಲ್ಲಿ ಬಂದು ತಿಳಿಸುವ ಇನ್ಸಲ್ ಒಬ್ಬನಿದ್ದ. ಇನ್ಸಲ್ಲನಿಗೆ ಅಂಥ ಇನ್ನೊಬ್ಬ ಇನ್ಸಲ್ ಸಿಕ್ಕಲಿಲ್ಲವೆಂದೇ ಹೇಳಬೇಕಾಗುತ್ತದೆ. ಯಜಮಾನ ಎಷ್ಟೇ ಅಚ್ಚುಕಟ್ಟಿನವನಾಗಿರಲಿ, ಅವನ ಮೇಜಿನ ಎದುರು ನಿಂತು ನಿಜಸ್ಥಿತಿಯನ್ನು ಹೇಳಬಲ್ಲವನೊಬ್ಬ ಬೇಕು.

ಉಳಿದ ಕಾಗದಗಳು

ಎಡಿಸನ್ 1931ರಲ್ಲಿ ಕಣ್ಮರೆಯಾದ. ಆತ ಬಿಟ್ಟುಹೋದ ಕಾಗದಪತ್ರಗಳು ಸುಮಾರು ಐವತ್ತು ಲಕ್ಷ ಪುಟಗಳಷ್ಟಿವೆಯೆಂದು ಎಣಿಕೆ. ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದ ವಿದ್ವಾಂಸರು 1978ರಿಂದ ಅವುಗಳನ್ನು ಜೋಡಿಸಿ ಪ್ರಕಟಿಸುವ ಮಹಾಕಾರ್ಯದಲ್ಲಿ ತೊಡಗಿದರು. ಎರಡು ಕೊಕ್ಕೆಗಳಿಂದ ಜೀವನ ಆರಂಭಿಸಿದ ಮನುಷ್ಯನ ಕಾಗದಗಳು ಇಷ್ಟೊಂದು ಉಳಿದುಬಂದುವೆಂದರೆ ಅದರ ಹಿಂದೆ ಇನ್ಸಲ್ಲನಂಥವರ ಮತ್ತು ಆತನ ತರುವಾಯ ಆ ಕುರ್ಚಿಯಲ್ಲಿ ಕುಳಿತವರ ಕೈಗಳಿವೆ.

ಇಂದು ದೂರವಾಣಿ ಜೇಬಿಗೇ ಬಂದಿದೆ. ಭೇಟಿಯ ಹೊತ್ತನ್ನು ನೆನಪಿಸುವುದಕ್ಕೆ ಯಂತ್ರವಿದೆ. ಕಳೆದ ಕಾಗದವನ್ನು ಕ್ಷಣದಲ್ಲಿ ಹುಡುಕಿಕೊಡುವ ಗಣಕವಿದೆ. ಆದರೂ ಅವ್ಯವಸ್ಥಿತ ಯಜಮಾನರ ಸಂತತಿ ಕಡಿಮೆಯಾದಂತೆ ಕಾಣುವುದಿಲ್ಲ. ಗಂಟೆ ಬಾರಿಸಿದರೆ ಅದನ್ನು ಅದುಮಿ ಸುಮ್ಮನಾಗಿಸುವುದೂ ಅವರಿಗೆ ಗೊತ್ತು! ಯಂತ್ರ ಹೊತ್ತನ್ನು ಹೇಳೀತು; ಯಾವ ಹೊತ್ತಿನಲ್ಲಿ ಯಾವ ಮಾತನ್ನು ಎತ್ತಬೇಕು, ‘ಹೌದು’ ಎಂಬ ಒಂದು ಪದದ ಹಿಂದೆ ಎಷ್ಟು ಮನಸ್ಸಿದೆ ಎಂಬುದನ್ನು ಮನುಷ್ಯನೇ ಅರಿಯಬೇಕು.

ಕಚೇರಿಯಿಂದ ದಣಿದು ಬಂದ ನಿಮ್ಮ ಮನೆಯವರು ಇಂದು ಸಂಜೆ ತಮ್ಮ ಯಜಮಾನನ ಹೊಸ ಮರೆವಿನ ಕಥೆಯನ್ನು ಹೇಳಿದರೆ ಸಮಾಧಾನದಿಂದ ಕೇಳಿರಿ. ಆ ಯಜಮಾನ ಎಡಿಸನ್ ಅಲ್ಲದಿರಬಹುದು. ಆದರೆ ಅವನ ಮೇಜಿನ ಕತ್ತಲೆಯಲ್ಲಿ ದಾರಿ ಹುಡುಕುತ್ತಿರುವ ನಿಮ್ಮವರ ಜಾಣ್ಮೆ, ತಾಳ್ಮೆಗಳು ಇನ್ಸಲ್ಲನಿಗಿಂತ ಕಡಿಮೆಯೆಂದು ಹೇಳುವವರಾರು?